ತೋಳನಾಟದ ಕೊನೆಯ ಹೆಸರು

"ಕೇಳಿರಪ್ಪೋ ಕೇಳಿ! ಬಿದಿರಕೋಟೆಯ ಬಲ್ಲರಸರ ಅಪ್ಪಣೆ! ರಾಜಕುಮಾರಿಯವರ ಮೈಮೇಲಿನ ತೋಳದ ಚರ್ಮ ಕಳಚುತ್ತಿಲ್ಲ. ಅವರು ಒಡ್ಡುವ ಮೂರು ಒಗಟು ಬಿಡಿಸಿ ಅದನ್ನು ಕಳಚಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ಕುಮಾರಿಯವರನ್ನೂ ಧಾರೆ ಎರೆದು ಕೊಡಲಾಗುವುದು! ತಪ್ಪಿದವನು ಮನುಷ್ಯನಾಗಿ ಮನೆಗೆ ಮರಳುವುದಿಲ್ಲ. ಅವನ ಬಂಧುಗಳು ಆಮೇಲೆ ಅರಮನೆ ಬಾಗಿಲಿಗೆ ಬಂದು ಗೋಳಾಡತಕ್ಕದ್ದಲ್ಲ!"

ಡಂಗುರ ಸಾರುತ್ತಿದ್ದವನು ತಿಪ್ಪ. ಹಿಂದಿನ ಮೂರು ಕೂಸುಗಳು ಉಳಿಯಲಿಲ್ಲವೆಂದು ತಾಯಿ ಇವನನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ ಆ ಹೆಸರಿಟ್ಟಿದ್ದಳು. ಅದಕ್ಕೊಂದು 'ಅಪ್ಪ'ನನ್ನೋ 'ಅಣ್ಣ'ನನ್ನೋ ಅಂಟಿಸುವ ಶ್ರಮವನ್ನು ಊರಿನಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ.

ತೋಳನಾಟ ನಡೆಸುವುದೂ ಅವನ ಕೆಲಸವೇ. ವರ್ಷಕ್ಕೊಂದು ದಿನ ಏಳು ಜನ ತೋಳದ ಚರ್ಮ ಹೊದ್ದು, ಮರದ ಮುಖವಾಡ ಕಟ್ಟಿಕೊಂಡು ಪೇಟೆ ಬೀದಿಗಳಿಗೆ ಇಳಿಯುವರು. ಅಕ್ಕಸಾಲಿಗರ ಬೀದಿ, ಗಾಣಿಗರ ಕೇರಿ, ಎಲ್ಲಿ ಸಿಕ್ಕರೂ ಸರಿ, ಅವರ ಕೈಯಿಂದ ಬೆನ್ನಿಗೆ ಕೆಮ್ಮಣ್ಣು ಬಿದ್ದವನೂ ತೋಳವೇ. ಬಾವಿಕಟ್ಟೆ ಹಿಡಿದು ನಿಂತವರನ್ನು ಮಾತ್ರ ಮುಟ್ಟುವಂತಿಲ್ಲ. ಆಟಕ್ಕೆ ಇಳಿಯುವ ಮುಂಚೆ ಪ್ರತಿಯೊಬ್ಬರೂ ತಿಪ್ಪನ ಕಿವಿಯಲ್ಲಿ ತಮ್ಮ ಹೆಸರು ಉಸುರಬೇಕು. ಹೊತ್ತು ಮುಳುಗುವಾಗ ಅವನು ಕೋಟೆ ಮೆಟ್ಟಿಲ ಮೇಲೆ ನಿಂತು ಒಬ್ಬೊಬ್ಬರನ್ನೇ ಕೂಗುತ್ತಾನೆ. ಕೂಗಿಸಿಕೊಂಡವರು "ಓ" ಎಂದು ಮನುಷ್ಯರಾಗುತ್ತಾರೆ.

ಈ ವರ್ಷ ರಾಜಕುಮಾರಿ ಹಟ ಹಿಡಿದು ಏಳನೆಯ ತೋಳವಾಗಿದ್ದಳು. ಸಂಜೆ ಎಲ್ಲರೂ ಮೈ ತೊಳೆದುಕೊಂಡು ಊಟಕ್ಕೆ ಹೋದರು. ಅವಳ ಚರ್ಮವೂ ಮುಖವಾಡವೂ ಬಿಚ್ಚಲಿಲ್ಲ. ಎಳೆದರೆ ರಕ್ತ ಬಂತು. ಮೂರನೆಯ ದಿನ ಅದರ ಮರದ ಕಿವಿಗಳು, ಸಪ್ಪಳ ಬಂದ ಕಡೆಗೆ ತಿರುಗತೊಡಗಿದವು.

ಡಂಗುರ ಕೇಳಿ ಮೊದಲು ಬಂದವನು ಪಕ್ಕದ ಸೀಮೆಯ ಯುವರಾಜ ಗಂಡರಾದಿತ್ಯ. ಮಟಮಟ ಮಧ್ಯಾಹ್ನ, ಸಭೆ ತುಂಬಿತ್ತು. ಸಿಂಹಾಸನದ ಕೆಳಗೆ ಮುದುಡಿ ಕೂತಿದ್ದ ಕುಮಾರಿ, ಮುಖವಾಡದ ಒಳಗಿಂದ ಕೇಳಿದಳು: "ನನ್ನ ಕಣ್ಣಿನಿಂದ ಬೇರೆಯವರು ನೋಡುತ್ತಾರೆ, ನನ್ನ ಬಾಯಿಂದ ಬೇರೆಯವರು ಮಾತಾಡುತ್ತಾರೆ. ಮುಖ ಬಿಟ್ಟರೆ ನನಗೆ ಮೈಯೇ ಇಲ್ಲ. ನಾನೇನು?"

"ಕನ್ನಡಿ," ಎಂದ ಯುವರಾಜ, ಮೀಸೆ ನೀವಿಕೊಂಡು. ಅವನಿಗೆ ಅದರ ಪರಿಚಯ ಚೆನ್ನಾಗಿತ್ತು.

"ಅಲ್ಲ."

ಯುವರಾಜನ ಮಂಡಿ ತಾನಾಗಿ ಮಡಚಿಕೊಂಡಿತು. ಅವನು ನಾಲ್ಕು ಕಾಲಿನಲ್ಲಿ ನಡೆದು ಹೋಗಿ ಅವಳ ಎಡಕ್ಕೆ ಕೂತ.

ಎರಡನೆಯವನು ಆಸ್ಥಾನ ಪಂಡಿತರ ಮಗ ತ್ರಿವಿಕ್ರಮ. ಮೊದಲನೆಯದಕ್ಕೆ "ಮುಖವಾಡ" ಎಂದು ಸರಿಯಾಗಿಯೇ ಹೇಳಿದ. ಕುಮಾರಿ ಎರಡನೆಯದನ್ನು ಒಡ್ಡಿದಳು: "ಬೆಳಗ್ಗೆ ಏಳು, ಮಧ್ಯಾಹ್ನಕ್ಕೆ ನೂರು, ಹೊತ್ತು ಮುಳುಗಿದರೆ ಒಂದೂ ಇರಬಾರದು. ಏನದು?"

"ಸೂರ್ಯನ ಕುದುರೆ ಏಳು, ಕಿರಣ ನೂರಾರು. ಆದ್ದರಿಂದ ಬಿಸಿಲು!" ಎಂದು ಅವನು ತಂದೆಯ ಕಡೆ ನೋಡಿದ.

"ಸೊಗಸಾಗಿದೆ," ಎಂದಿತು ಮುಖವಾಡ. "ತಪ್ಪು."

ಪಂಡಿತರು "ಮಗನೇ, ಮಗನೇ" ಎಂದು ಅತ್ತರು. ಕುಮಾರಿಯ ಬಲಕ್ಕೆ ಕೂತಿದ್ದ ಮಗ ಅವರನ್ನು ಮೂಸಿ ನೋಡಿದ.

ತಿಪ್ಪ ತಮಟೆ ಕೆಳಗಿಟ್ಟ.

"ಏ ತಿಪ್ಪಾ, ನಿನಗ್ಯಾಕೋ ಈ ಉಸಾಬರಿ?" ಎಂದರು ಮಂತ್ರಿಗಳು.

"ಆಟ ನಡೆಸಿದವನು ನಾನಲ್ವಾ ಸ್ವಾಮಿ? ಎರಡನೆಯ ಒಗಟು ಕೇಳಿದ ಮೇಲೆ, ನಾನು ಆ ಆಟಾನ ಮುಗಿಸಿಲ್ಲ ಅನ್ನಿಸ್ತು." ಅವನು ಕುಮಾರಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತ. "ಮೊದಲನೆಯದು ಮುಖವಾಡ. ಎರಡನೆಯದು ನಮ್ಮಾಟದ ತೋಳಗಳು. ಬೀದಿಗೆ ಇಳಿಯೋದು ಏಳು, ಕೆಮ್ಮಣ್ಣು ಬಿದ್ದು ನೂರಾಗ್ತವೆ, ಸಂಜೆ ಒಂದೂ ಉಳೀಬಾರದು. ಈ ಸಲ ಒಂದು ಉಳೀತು."

ಮರದ ಕಿವಿಗಳು ಅವನತ್ತ ನೆಟ್ಟಗಾದವು. "ಮೂರನೆಯದು. ತೊಟ್ಟಿಲಲ್ಲಿ ನನಗೆ ಕೊಟ್ಟರು, ಗೌರವ ಎಂದು ಹೇಳಿ ಕಿತ್ತುಕೊಂಡರು. ಅಮ್ಮ ಒಬ್ಬಳು ಬಳಸುತ್ತಿದ್ದಳು. ಅವಳನ್ನು ಸುಟ್ಟ ದಿನದಿಂದ ಅದು ನನ್ನ ಕಿವಿಗೆ ಬಿದ್ದಿಲ್ಲ. ಏನದು?"

"ನಿಮ್ಮ ಹೆಸರು, ಅಮ್ಮಣ್ಣಿ."

"ಹಾಗಾದರೆ ಕರಿ."

ಬಿದಿರಕೋಟೆಯಲ್ಲಿ ಅರಸುಮನೆತನದವರನ್ನು ಬರಿಯ ಹೆಸರು ಹಿಡಿದು ಕರೆದವನಿಗೆ ತಲೆದಂಡ. ತೋಳನಾಟದ ಸಂಜೆ ಮೆಟ್ಟಿಲ ಮೇಲೆ ಏಳನೆಯ ಹೆಸರು ತಿಪ್ಪನ ನಾಲಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಮಂತ್ರಿಗಳು ಕೆಮ್ಮಿದ್ದರು. ಇವನು ಗಾಬರಿಯಾಗಿ "ಅಮ್ಮಣ್ಣಿಯವರು ಬರಬೇಕು" ಎಂದುಬಿಟ್ಟಿದ್ದ. ಅದು ಹೆಸರಲ್ಲ. ಅದಕ್ಕೆ ಓಗೊಡಲು ಅವಳಿಗೆ ಆಗಿರಲಿಲ್ಲ.

ಈಗಲೂ ಮಂತ್ರಿಗಳು ಕೆಮ್ಮಿದರು.

ತಿಪ್ಪ ಕತ್ತು ಸವರಿಕೊಂಡ. ಆಮೇಲೆ ಬೀದಿಯ ಆ ತುದಿಯಲ್ಲಿ ಆಡುತ್ತಿರುವ ತಂಗಿಯನ್ನು ಮನೆಗೆ ಕರೆಯುವವನ ಹಾಗೆ ಕೂಗಿದ: "ಸೋವಲೇ! ಏ ಸೋವಲೇ! ಹೊತ್ತಾಯ್ತು, ಬಾರೇ!"

"ಓ!"

ತೋಳದ ಚರ್ಮ ಕಳಚಿತು, ಮುಖವಾಡ ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಒಳಗೆ ಇಪ್ಪತ್ತು ವರ್ಷದ ಹುಡುಗಿಯ ಅತ್ತು ಊದಿದ ಮುಖ. ಎಡಬಲದ ಇಬ್ಬರು ತಮ್ಮ ಅಂಗೈ ನೋಡಿಕೊಳ್ಳುತ್ತಾ ಎದ್ದು ನಿಂತರು.

"ಕರೆದದ್ದಕ್ಕೆ ತಲೆ ತೆಗೆಸಬೇಕು. ಬಿಡಿಸಿದ್ದಕ್ಕೆ ಅರ್ಧ ರಾಜ್ಯ ಕೊಡಬೇಕು. ಏನ್ರೀ ಮಾಡೋದು?" ಎಂದು ಬಲ್ಲರಸ ಮಂತ್ರಿಗಳನ್ನು ಕೇಳಿದ.

"ತಲೆ ತೆಗೆಸಿದರೆ, ಮುಂದಿನ ವರ್ಷ ನನ್ನನ್ನು ಯಾರು ಕರೀತಾರಪ್ಪಾಜಿ?" ಎಂದಳು ಸೋವಲೆ.

ಹೀಗೆ ತಿಪ್ಪನಿಗೆ ಅರ್ಧ ರಾಜ್ಯವೂ ಸಿಕ್ಕಿತು, ಸೋವಲೆಯೂ ಸಿಕ್ಕಳು. ಬೆಳಗಾಗುವುದರೊಳಗೆ ಊರಿನ ಬಾಯಲ್ಲಿ ಅವನು "ಅರಸರು", "ಬುದ್ಧಿಯವರು". ಹೆಂಡತಿಯಂತೂ ಗಂಡನ ಹೆಸರು ಎತ್ತುವ ಸಂಪ್ರದಾಯವೇ ಇರಲಿಲ್ಲ. "ನೋಡಿ", "ಕೇಳಿಸ್ತಾ" ಎನ್ನುತ್ತಿದ್ದಳು. ತಾಯಿಯೂ ಮಗನಿಗೆ ಕೈ ಮುಗಿದು ಬಹುವಚನ ಕಲಿತಳು.

ಮುಂದಿನ ತೋಳನಾಟದ ಸಂಜೆ ತಿಪ್ಪ ಎಲ್ಲರನ್ನೂ ಕರೆದು ಮುಗಿಸಿದ. ಮೆಟ್ಟಿಲಿಗೆ ಓಡಿ ಬರುವ ಭರದಲ್ಲಿ ಯಾವುದೋ ತೋಳ ಅವನ ಬೆನ್ನಿಗೆ ಕೆಮ್ಮಣ್ಣು ಬಳಿದದ್ದು ಅವನಿಗೆ ತಿಳಿದಿರಲಿಲ್ಲ. ಊಟಕ್ಕೆ ಕೂತಾಗ ಮುಂಗೈ ಕೆರೆಯಿತು. ನೋಡಿದರೆ ಬೂದು ಕೂದಲು, ಬೆರಳಿನ ತನಕ.

ಅವನು ಕೈಯನ್ನು ಹೆಂಡತಿಯ ಮುಂದೆ ಚಾಚಿದ. ಸೋವಲೆ ನೋಡಿದಳು. ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. ಬಾಗಿಲಲ್ಲಿ ಆಳುಕಾಳುಗಳು ನಿಂತಿದ್ದರು. ನಿಂತರೆ ನಿಲ್ಲಲಿ ಎಂದು ಗಂಟಲು ಸರಿಮಾಡಿಕೊಂಡಳು.

"ತಿಪ್ಪಾ! ಲೋ ತಿಪ್ಪಾ!"

"ಓ," ಎಂದ ಅರಸ. ಅನ್ನದ ಮೇಲೆ ಕೂದಲು ಉದುರಿತು.

ಅಂದಿನಿಂದ ಬಿದಿರಕೋಟೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಹೊಸಿಲ ಮೇಲೆ ನಿಂತು ಗಂಡಂದಿರನ್ನು ಹೆಸರು ಹಿಡಿದು ಕೂಗುತ್ತಾರೆ. ಹೊರಗಿನವರಿಗೆ ಅದು ಬಜಾರಿತನ ಅನ್ನಿಸುತ್ತದೆ. ಗಂಡಂದಿರು ಮಾತ್ರ ಎಲ್ಲಿದ್ದರೂ ಥಟ್ಟನೆ ಓಗೊಡುತ್ತಾರೆ, ಮುಂಗೈ ನೋಡಿಕೊಳ್ಳುತ್ತಾ.