ಮಜ್ಜಿಗೆಯಿಂದ ಶುರುವಾದ ಊಟ

ವಕೀಲ ಶ್ರೀಕಂಠಯ್ಯನವರಿಗೆ ತಿಳಿಯದ ವಿಷಯವೇ ಇರಲಿಲ್ಲ, ಅವರೇ ಹೇಳುವ ಪ್ರಕಾರ. ಅವರ ಮನೆಯ ಅಡುಗೆಯಾಕೆಯ ಮಗಳು ಸಿಇಟಿ ಬರೆದಿದ್ದಳು. ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಸಿಗಬಹುದಾದ ರ‍್ಯಾಂಕು. ಬೇಕಾದ ಕಾಲೇಜುಗಳ ಪಟ್ಟಿಯನ್ನು ಆದ್ಯತೆಯ ಕ್ರಮದಲ್ಲಿ ತುಂಬಲು ಅಂದೇ ಕಡೆಯ ದಿನ. ಕಂಪ್ಯೂಟರ್ ಇದ್ದದ್ದು ಮಾತ್ರ ವಕೀಲರ ಕೋಣೆಯಲ್ಲಿ.

"ನನ್ನ ಭಾವಮೈದುನನ ಕಾಲೇಜನ್ನು ಮೊದಲು ಹಾಕು. ಅದು ಖಂಡಿತ ಸಿಗುತ್ತೆ. ಸರ್ಕಾರಿದು ಕೆಳಗಿರಲಿ, ಬಂದರೆ ಬರಲಿ" ಎಂದರು.

ಹುಡುಗಿಯ ಮುಖ ಬಾಡಿತು. ತಾಯಿ ಮಾತ್ರ, "ಆಗಲಿ ಯಜಮಾನ್ರೇ, ಊಟ ಮಾಡಿ, ಆಮೇಲೆ ತುಂಬೋಣ" ಎಂದು ಎಲೆ ಹಾಕಿದಳು. ಅಂದು ಹೋಳಿಗೆ. ಘಮ ಬೀದಿಯವರೆಗೂ ಹೋಗಿತ್ತು.

ಎಲೆಗೆ ಮೊದಲು ಬಂದದ್ದು ಮಜ್ಜಿಗೆ ಅನ್ನ. ವಕೀಲರು ಹುಬ್ಬೇರಿಸಿದರೂ ನಾಲ್ಕು ತುತ್ತು ತಿಂದರು. ಆಕೆ ಎಲೆ ಎತ್ತಿಬಿಟ್ಟಳು.

"ಹೋಳಿಗೆ ಎಲ್ಲಿ?"

"ಪಟ್ಟಿಯಲ್ಲಿ ಕೆಳಗಿತ್ತು ಯಜಮಾನ್ರೇ. ಖಂಡಿತ ಸಿಗೋದು ಮೊದಲು ಅಂದ್ರಲ್ಲ, ಈ ಮನೆಯಲ್ಲಿ ಮಜ್ಜಿಗೆ ಯಾವತ್ತೂ ಇರುತ್ತೆ. ಮಗಳು ನಿಯಮ ಓದಿ ಹೇಳಿದಳು, ಸೀಟು ಹಂಚೋ ಕಂಪ್ಯೂಟರೂ ಹೀಗೇ ಅಂತೆ. ಮೇಲಿಂದ ನೋಡ್ತಾ ಬಂದು, ಮೊದಲು ಸಿಕ್ಕಿದ್ದನ್ನು ಬಡಿಸಿ ಎಲೆ ಎತ್ತುತ್ತೆ. ಕೆಳಗೇನಿದೆ ಅಂತ ನೋಡಲ್ಲ."

ವಕೀಲರು ಕೋಣೆಯ ಕಂಪ್ಯೂಟರ್ ಕಡೆ ಕೈ ತೋರಿಸಿದರು. ಆಮೇಲೆ ಹುಡುಗಿಗೆ, "ನಿನಗೆ ಬೇಕಾದ್ದನ್ನೇ ಮೇಲೆ ಹಾಕಮ್ಮ. ನನ್ನ ಭಾವಮೈದುನ ಮಜ್ಜಿಗೆ ಜಾಗದಲ್ಲಿ, ಕೊನೆಗಿರಲಿ" ಎಂದರು. ಅಡುಗೆಮನೆಯ ಕಡೆ ತಿರುಗಿ, "ಈಗಲಾದರೂ ಹೋಳಿಗೆ ತಾ" ಎಂದರು.

"ತರ್ತೀನಿ. ಅವಳು ಸಬ್ಮಿಟ್ ಒತ್ತಲಿ ಯಜಮಾನ್ರೇ" ಎಂದಳು ಆಕೆ, ತುಪ್ಪ ಕಾಯಿಸುತ್ತಾ.