ಧ್ಯಾನದ ಕೋಣೆಯ ದೀಪ

ನಿವೃತ್ತ ತಹಶೀಲ್ದಾರ್ ಜಯತೀರ್ಥರಾಯರು ಇಡೀ ಮನೆಗೆ ಶಿಸ್ತು ತಂದಿದ್ದರು. ಅಡುಗೆಮನೆಯೊಂದು ಬಾಕಿ ಇತ್ತು. ಅದಕ್ಕೆಂದೇ ಸೆನ್ಸರ್ ತರಿಸಿದರು. ಜನ ಅಲುಗಾಡುತ್ತಿದ್ದರೆ ದೀಪ ಉರಿಯುತ್ತದೆ. ಸುಮ್ಮನೆ ಕೂತರೆ ಆರಿ, ರಾಯರ ಫೋನಿಗೆ ಸುದ್ದಿ ಬರುತ್ತದೆ.

"ದೀಪ ಆರಿದ ದಿನ ನಿನ್ನ ಕೆಲಸವೂ ಹೋಯಿತು ಅಂತ ತಿಳ್ಕೊ," ಎಂದರು ಅಡುಗೆಯ ತುಂಗಮ್ಮನಿಗೆ.

"ಆಗಲಿ ರಾಯರೇ. ಮೊದಲು ನಿಮ್ಮ ಧ್ಯಾನದ ಕೋಣೆಯಲ್ಲಿ ಪರೀಕ್ಷೆ ಮಾಡೋಣ. ನೀವು ಕಲ್ಲಿನ ಹಾಗೆ ಕೂರುವವರು. ದೀಪ ತಕ್ಷಣ ಆರಬೇಕು."

"ಸರಿಯಾದ ಮಾತು," ಎಂದರು ರಾಯರ ಹೆಂಡತಿ. ಸೆನ್ಸರ್ ಜೋಡಿಸಲು ಬಂದಿದ್ದ ಎಲೆಕ್ಟ್ರಿಷಿಯನ್ ಏಣಿ ಹತ್ತಿ ಅದನ್ನು ಧ್ಯಾನದ ಕೋಣೆಯಲ್ಲೇ ಕೂರಿಸಿದ.

ರಾಯರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇವತ್ತಾದರೂ ಅಲುಗಾಡಬಾರದು ಎಂದುಕೊಂಡರು. ಆದರೆ ಚಾಪೆಯ ಕೆಳಗೆ ಹುರಿದ ಕಡಲೆಕಾಯಿಯ ಪೊಟ್ಟಣವಿತ್ತು. ವರ್ಷಗಳ ಅಭ್ಯಾಸ, ಕೈ ತಾನಾಗಿ ಹೋಯಿತು. ಹೊರಗೆ ಮೂವರೂ ಬಾಗಿಲ ಸಂದಿಯ ಬೆಳಕನ್ನೇ ನೋಡುತ್ತ ನಿಂತಿದ್ದರು. ಬೆಳಕು ಆರಲೇ ಇಲ್ಲ.

"ಕೆಟ್ಟುಹೋದ ಸೆನ್ಸರ್ ತಂದಿದ್ದೀಯ," ಎಂದು ರಾಯರು ಹೊರಗೆ ಬಂದರು.

"ಹೊಸದು ಸಾರ್. ನೀವೇ ಅಲುಗಾಡಿರಬೇಕು," ಎಂದ ಎಲೆಕ್ಟ್ರಿಷಿಯನ್.

"ಹಾಗನ್ನಬೇಡಪ್ಪ!" ತುಂಗಮ್ಮ ಗದರಿದಳು. "ರಾಯರು ಅಲುಗಾಡುವವರಲ್ಲ. ಸುಳ್ಳು ಹೇಳಿದ್ದು ಯಂತ್ರವೇ. ಇದರ ಮಾತು ಕೇಳಿ ಯಾರನ್ನಾದರೂ ಕೆಲಸದಿಂದ ತೆಗೆಯೋಕಾಗುತ್ತಾ?"

ರಾಯರು ನೆಲ ನೋಡುತ್ತ, "ಬಿಚ್ಚಿಕೊಂಡು ಹೋಗು," ಎಂದರು.

ಆಮೇಲೆ ತುಂಗಮ್ಮ ಕಾಫಿ ತಂದಿಟ್ಟಳು. "ಮೀಸೆಯ ಅಂಚು ಒರೆಸಿಕೊಳ್ಳಿ ರಾಯರೇ, ಅಮ್ಮಾವ್ರು ನೋಡಿಯಾರು," ಎಂದಳು ಮೆಲ್ಲಗೆ. "ಚಾಪೆ ಕೆಳಗಿನ ಸಿಪ್ಪೆ ದಿನಾ ಗುಡಿಸುವ ಹಾಗೆ ಗುಡಿಸ್ತೀನಿ."

ಅಂದು ರಾಯರು ಕಾಫಿ ಆರುವವರೆಗೂ ಕಲ್ಲಿನ ಹಾಗೆ ಕೂತಿದ್ದರು.