ಕೋಟೆಗೆ ಕೊಂಡ ಪಾರಿವಾಳಗಳು

“ಗುರುಗಳೇ, ಪದಾರ್ಥ ಒಳ್ಳೆಯದು, ಬೆಲೆ ನ್ಯಾಯವಾದದ್ದು, ಮಾರುವವನ ಮೇಲೆ ಒಂದು ಕಪ್ಪುಚುಕ್ಕೆಯಿಲ್ಲ. ಇಷ್ಟಾದ ಮೇಲೆ ಕೊಳ್ಳುವವನು ಇನ್ನೇನು ನೋಡಬೇಕು?”

ಹೀಗೆ ಕೇಳಿದವನು ಮೇದಪ್ಪನೆಂಬ ಶಿಷ್ಯ. ಸೈನ್ಯದಲ್ಲಿ ಅಧಿಕಾರಿ. ಗಡಿ ಕಾಯುವ ತುಕಡಿಗಳಿಗೆ ಹೊಸ ರೇಡಿಯೋ ಸೆಟ್ಟುಗಳನ್ನು ಆರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಪರದೇಶದ ಒಂದು ಕಂಪನಿಯ ಸೆಟ್ಟು ಎಲ್ಲ ಪರೀಕ್ಷೆಗಳಲ್ಲೂ ಗೆದ್ದಿತ್ತು. ಅದರಲ್ಲಿ ಆಡಿದ ಮಾತು ಹೊರಗಿನವರ ಕಿವಿಗೆ ಬರೀ ಗೊರಗೊರ ಸದ್ದು. ಆ ಗುಟ್ಟನ್ನು ಬಿಡಿಸುವ ಕೀಲಿ ಕಂಪನಿಯವರ ಕೈಯಲ್ಲೂ ಒಂದಿರುತ್ತದೆ. ದುರಸ್ತಿಗೆ ಬೇಕು, ಅಷ್ಟೇ ಎಂದಿದ್ದರು. ಮೇದಪ್ಪ ಒಪ್ಪಿಗೆಯ ರುಜು ಹಾಕುವುದೊಂದೇ ಬಾಕಿ.

ಗುರುಗಳು ನಕ್ಕು, ನೋಡುವುದನ್ನೆಲ್ಲ ನೋಡಿ ಮುಗಿಸಿದ ಮೇಲೆ ನನ್ನನ್ನೇಕೆ ಕೇಳುತ್ತೀಯಪ್ಪ ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ದೊರೆಗೆ ಬಯಲಿನಲ್ಲಿ ರಾಜಧಾನಿ, ದೂರದ ಬೆಟ್ಟದ ಮೇಲೊಂದು ಕೋಟೆ. ನಡುವೆ ದಟ್ಟ ಕಾಡು. ಯುದ್ಧ ಬಂದಾಗಲೆಲ್ಲ ಕೋಟೆಯಿಂದ ಹೊರಟ ಓಲೆಕಾರ ದಾರಿಯಲ್ಲೇ ಶತ್ರುವಿನ ಕೈಗೆ ಸಿಕ್ಕಿಬೀಳುತ್ತಿದ್ದ. ಯಾರ ಕೈಗೂ ಸಿಗದ ಓಲೆಕಾರನನ್ನು ಹುಡುಕಿ ತಾ ಎಂದು ದೊರೆ ತನ್ನ ಉಗ್ರಾಣದ ಅಧಿಕಾರಿಗೆ ಅಪ್ಪಣೆ ಮಾಡಿದ.

ಆ ಅಧಿಕಾರಿ ಕೈಬಾಯಿ ಶುದ್ಧವಾದ ಮನುಷ್ಯ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿಯವನೂ ಅಲ್ಲ. ಮೇಲಾಗಿ ಕೋಟೆ ಕಾಯುತ್ತಿದ್ದವನು ಅವನ ಒಡಹುಟ್ಟಿದ ತಮ್ಮ. ತಮ್ಮನೆಂದರೆ ಅವನಿಗೆ ಪ್ರಾಣ. ಹಾಗಾಗಿ ಅವನು ಊರೂರು ಅಲೆದು, ಕೊನೆಗೆ ಕಡಲತೀರದ ಪಟ್ಟಣದಲ್ಲಿ ಪಾರಿವಾಳ ಸಾಕುವ ಒಬ್ಬ ವ್ಯಾಪಾರಿಯನ್ನು ಕಂಡುಹಿಡಿದ.

ವ್ಯಾಪಾರಿಯ ಮಾತನ್ನು ಅವನು ನಂಬಿ ಕೂರಲಿಲ್ಲ. ತಾನೇ ಹಕ್ಕಿಗಳನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ಹೊಳೆಯಾಚೆಯಿಂದ ಬಿಟ್ಟ. ಗುಡ್ಡದ ಮರೆಯಿಂದ ಬಿಟ್ಟ. ಗಾಳಿ ಬೀಸುವಾಗ ಬಿಟ್ಟ, ಮಂಜು ಕವಿದಾಗ ಬಿಟ್ಟ. ಎಲ್ಲಿ ಬಿಟ್ಟರೂ ಅವನು ತಿರುಗಿ ಬರುವಷ್ಟರಲ್ಲಿ ಅವು ವ್ಯಾಪಾರಿಯ ಮಾಳಿಗೆಯ ಮೇಲೆ ಕೂತು ಜೋಳ ಹೆಕ್ಕುತ್ತಿದ್ದವು. ಇವು ದಾರಿ ತಪ್ಪುವುದುಂಟೇ ಎಂದು ಕೇಳಿದ. ಹುಟ್ಟಿದಾರಭ್ಯ ಒಂದೂ ತಪ್ಪಿಲ್ಲ ಎಂದು ವ್ಯಾಪಾರಿ ಆಣೆ ಮಾಡಿ ಹೇಳಿದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅಧಿಕಾರಿ ಹಕ್ಕಿಗಳನ್ನು ಕೊಂಡು ತಂದ. ಅರಮನೆಯ ಗೂಡಿನಲ್ಲಿ ಕೆಲವು ಕಾಲ ಕಾಳು ಹಾಕಿಸಿದ. ಕಾಳು ಹಾಕಿದವನ ಮನೆಯೇ ತಮ್ಮ ಮನೆ ಎಂದು ಅವು ತಿಳಿದಿರಬೇಕೆಂದು ಎಣಿಸಿ, ಪಂಜರದಲ್ಲಿಟ್ಟು ಕೋಟೆಗೆ ಕಳಿಸಿದ. ಒಮ್ಮೆ ಹಾರಿಸಿ ನೋಡಲೇ ಅಣ್ಣ ಎಂದು ತಮ್ಮ ಹೇಳಿಕಳಿಸಿದ. ಬೆಲೆಬಾಳುವ ಹಕ್ಕಿ, ಗಿಡುಗನ ಪಾಲಾದೀತು, ಪರೀಕ್ಷೆಯನ್ನು ನಾನೇ ನಿಂತು ಮಾಡಿದ್ದೇನೆ, ಹೊತ್ತು ಬಂದಾಗ ಹಾರಿಸು ಎಂದು ಅಣ್ಣ ಉತ್ತರ ಕೊಟ್ಟ.

ಹೊತ್ತು ಬಂತು. ಶತ್ರು ಬೆಟ್ಟವನ್ನು ಸುತ್ತುಗಟ್ಟಿದ. ಅಧಿಕಾರಿ ಅರಮನೆಯ ಉಪ್ಪರಿಗೆ ಹತ್ತಿ ಆಕಾಶ ನೋಡುತ್ತ ನಿಂತ. ಒಂದು ಹಕ್ಕಿಯೂ ಬರಲಿಲ್ಲ. ದೊರೆ ದಂಡು ಕಳಿಸಲೇ ಎಂದು ಕೇಳಿದಾಗ, ಬೇಡ ಪ್ರಭು, ಕಷ್ಟವಿದ್ದರೆ ಹಕ್ಕಿ ಬರುತ್ತಿತ್ತು, ಬಂದಿಲ್ಲವೆಂದರೆ ತಮ್ಮ ಸುಖವಾಗಿದ್ದಾನೆ ಎಂದ. ಹಾಗೆ ಹೇಳುವಾಗ ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಕೋಟೆ ಬಿತ್ತು. ತಪ್ಪಿಸಿಕೊಂಡು ಬಂದ ಒಬ್ಬ ಸಿಪಾಯಿ ಸುದ್ದಿ ತಂದ. ಕೋಟೆಯಲ್ಲಿ ನೀರು ಬತ್ತಿತ್ತು. ಹಿಂಬದಿಯ ದಿಡ್ಡಿ ಬಾಗಿಲಿಗೆ ಕಾವಲು ಸಾಲುತ್ತಿರಲಿಲ್ಲ. ಇದನ್ನೆಲ್ಲ ಓಲೆಯಲ್ಲಿ ಬರೆದು, ಬೇಗ ಬನ್ನಿ ಎಂದು ತಮ್ಮ ಎಲ್ಲ ಹಕ್ಕಿಗಳನ್ನೂ ಹಾರಿಸಿದ್ದ. ಅವು ಒಂದು ಸುತ್ತು ತಿರುಗಿ ನೆಟ್ಟಗೆ ಕಡಲಿನ ಕಡೆಗೆ ಹೋದವು. ಆಮೇಲೆ ಶತ್ರು ಬೇರೆಲ್ಲೂ ಕೈಹಾಕದೆ ಅದೇ ದಿಡ್ಡಿ ಬಾಗಿಲಿಗೆ ಬಂದ. ತಮ್ಮ ಅಲ್ಲೇ ಕಾದಾಡಿ ಸತ್ತ.

ಹುಟ್ಟುಗುಣ ಸುಟ್ಟರೂ ಹೋಗದು. ಪಾರಿವಾಳ ಹುಟ್ಟಿದ ಗೂಡಿಗೇ ಹೋಗುತ್ತದೆ. ಅಧಿಕಾರಿ ಅದನ್ನು ತನ್ನ ಕಣ್ಣಾರೆ ಮತ್ತೆ ಮತ್ತೆ ನೋಡಿ, ಭೇಷ್ ಎಂದು ಬಂದಿದ್ದ.

ಅವನು ಕತ್ತಿ ಹಿರಿದುಕೊಂಡು ಕಡಲತೀರಕ್ಕೆ ಹೋದ. ವ್ಯಾಪಾರಿ ಕಣ್ಣೀರು ಸುರಿಸುತ್ತ ಕಾಲಿಗೆ ಬಿದ್ದ.

“ಸ್ವಾಮಿ, ಓಲೆಗಳು ನನ್ನ ಮಾಳಿಗೆಗೆ ಬಂದದ್ದು ನಿಜ. ನಾನು ಬಿಚ್ಚಿಯೂ ನೋಡದೆ ಆಳಿನ ಕೈಲಿ ನಿಮಗೇ ಕಳಿಸಿದೆ. ಅವನನ್ನು ದಾರಿಯಲ್ಲಿ ಹಿಡಿದರಂತೆ, ಇವತ್ತಿಗೂ ತಿರುಗಿ ಬಂದಿಲ್ಲ.”

ಅದು ನಿಜವಿರಬಹುದು. ಓಲೆಗಳನ್ನು ಶತ್ರುವಿಗೆ ಮಾರಿಕೊಂಡಿದ್ದರೂ ಅವನು ಅದನ್ನೇ ಹೇಳುತ್ತಿದ್ದ. ಯಾವುದೆಂದು ತಿಳಿಯುವ ದಾರಿ ಅಧಿಕಾರಿಗೆ ಇರಲಿಲ್ಲ. ಅವನು ಕತ್ತಿಯನ್ನು ಅಲ್ಲೇ ಬಿಸುಟು, ತಮ್ಮನ ಹೆಸರು ಹಿಡಿದು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಮೇದಪ್ಪನಿಗೆ ಸಮಾಧಾನವಾಗಲಿಲ್ಲ. ತಾನು ಆರಿಸಿದ ಕಂಪನಿಯವರ ಮುಖಗಳು ಅವನಿಗೆ ನೆನಪಾದವು, ಎಲ್ಲರೂ ಸಜ್ಜನರು.

“ಗುರುಗಳೇ, ಆ ವ್ಯಾಪಾರಿ ಒಳ್ಳೆಯವನೇ ಆಗಿದ್ದಿರಬಹುದಲ್ಲ?”

“ಆಗಿದ್ದಿರಬಹುದು ಮೇದಪ್ಪ, ಆದರೆ ಕೋಟೆಯವರ ಜೀವ ಅವನ ಒಳ್ಳೆಯತನದ ಮೇಲೆ ಯಾಕೆ ನಿಲ್ಲಬೇಕಾಗಿತ್ತು?”

ಮೇದಪ್ಪ ರುಜು ಹಾಕದೆ, ಕಂಪನಿಯವರ ಕೈಯಲ್ಲಿರುವ ಆ ಕೀಲಿಯ ಬಗ್ಗೆ ಬರೆದು ಕೇಳಲು ಎದ್ದುಹೋದ.